ಹ್ಯಾಂಡ್‌ಹೆಲ್ಡ್ ಶಾಟ್ ನೋಡಿ ಜನ ತಲೆ ಸುತ್ತುತ್ತೆ ಅಂದ್ರು. ತಪ್ಪು ಎಲ್ಲಾಯ್ತು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು ನಾನು. ಹೋದ ತಿಂಗಳು 14 ನಿಮಿಷದ ಒಂದು ಕಿರುಚಿತ್ರ ಮುಗಿಸಿದೆ. ಕಥೆ ಇಷ್ಟೇ. ಒಬ್ಬ ಅಜ್ಜಿಯ ಹಸು ತಪ್ಪಿಸಿಕೊಂಡಿದೆ. ಅಜ್ಜಿ ಅದನ್ನು ಹುಡುಕಿಕೊಂಡು ಕೊಯ್ಲಾದ ಗದ್ದೆಯಲ್ಲಿ ಅಲೆಯುತ್ತಾಳೆ. ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಮಗನ ಜೊತೆ ಜಗಳ. ಅಷ್ಟೇ.

ಜೀವ ಬರಲಿ ಅಂತ ಇಡೀ ಚಿತ್ರವನ್ನು ಕೈಯಲ್ಲೇ ಕ್ಯಾಮೆರಾ ಹಿಡಿದು ತೆಗೆದೆ. ಕ್ಯಾಮೆರಾ ಅಲ್ಲಾಡದ ಹಾಗೆ ಹಿಡಿಯೋ ಗೆಳೆಯನ ಗಿಂಬಲ್ ಪಕ್ಕದಲ್ಲೇ ಇತ್ತು, ಬೇಕಂತಲೇ ಮುಟ್ಟಲಿಲ್ಲ. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಸಭಾಂಗಣದಲ್ಲಿ ದೊಡ್ಡ ಪರದೆಗೆ ಹಾಕಿದೆವು. ಐದನೇ ನಿಮಿಷಕ್ಕೆ ಇಬ್ಬರು ಎದ್ದು ಹೋದರು. ನಮ್ಮ ಚಿಕ್ಕಮ್ಮ ಪೂರ್ತಿ ಕೂತಿದ್ದರು ಪಾಪ. ಹೊರಗೆ ಬಂದು, 'ಆಗುಂಬೆ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತ ಹಾಗಾಯ್ತು ಕಣೋ' ಅಂದರು.

ದೊಡ್ಡ ದೊಡ್ಡ ಚಿತ್ರಗಳಲ್ಲಿ ಕ್ಯಾಮೆರಾ ಅಲ್ಲಾಡಿದರೆ ಯಾರೂ ಏನೂ ಅನ್ನೋದಿಲ್ಲ. ನನ್ನದಕ್ಕೆ ಯಾಕೆ ಹೀಗಾಯ್ತು?

ಫೋಕಸ್‌ಹುಡುಗ:
ಉತ್ತರ ಹೇಳೋ ಮೊದಲು ನಾಲ್ಕು ಪ್ರಶ್ನೆ. ಯಾವ ಲೆನ್ಸ್? ಶಟರ್ ಸ್ಪೀಡ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು, ಎಷ್ಟಿತ್ತು? ಬೆಳಕು ಕಡಿಮೆ ಮಾಡೋ ಎನ್‌ಡಿ ಫಿಲ್ಟರ್ ಹಾಕಿದ್ದಿರಾ? ಕ್ಯಾಮೆರಾ ಬಾಡಿಯೊಳಗೆ ಅಲುಗಾಟ ತಗ್ಗಿಸೋ ಸ್ಟೆಬಿಲೈಜರ್ ಆನ್ ಇತ್ತಾ?

ತುಂಗಾತೀರ:
ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ, ಸೆಕೆಂಡಿಗೆ 24 ಫ್ರೇಮ್. ಗದ್ದೆಗೆ 85 ಎಂಎಂ, ಹಿಂದಿನದೆಲ್ಲ ಬ್ಲರ್ ಆಗಲಿ ಅಂತ. ಅಡುಗೆಮನೆಗೆ 50. ಎನ್‌ಡಿ ಇಲ್ಲ. ಗದ್ದೆಯಲ್ಲಿ ಬಿಸಿಲು ಜಾಸ್ತಿ ಇತ್ತು, ಹಾಗಾಗಿ ಶಟರ್ 1/800ಕ್ಕೆ ಏರಿಸಿದೆ. ಒಳಗಡೆ 1/60. ಸ್ಟೆಬಿಲೈಜರ್ ಎರಡೂ ಕಡೆ ಆನ್.

ಬಾಲ್ಕನಿಟಿಕೆಟ್:
ನಾನು ಸಿನಿಮಾ ಮಾಡೋನಲ್ಲ, ದುಡ್ಡು ಕೊಟ್ಟು ನೋಡೋನು. ದೊಡ್ಡ ಚಿತ್ರಕ್ಕೆ ಯಾರೂ ಏನೂ ಅನ್ನಲ್ಲ ಅಂದ್ರಲ್ಲ, ಅದು ಸುಳ್ಳು. 2008ರಲ್ಲಿ 'ಕ್ಲೋವರ್‌ಫೀಲ್ಡ್' ಬಂದಾಗ ಅಮೆರಿಕದ ಥಿಯೇಟರುಗಳಲ್ಲಿ 'ತಲೆ ಸುತ್ತಬಹುದು, ಹುಷಾರು' ಅಂತ ಬೋರ್ಡೇ ಹಾಕಿದ್ದರು. ನಿಮ್ಮ ಚಿಕ್ಕಮ್ಮ ಒಬ್ಬರೇ ಅಲ್ಲ.

ಫೋಕಸ್‌ಹುಡುಗ:
ತುಂಗಾತೀರ ಅವರೇ, ರೋಗ ಸಿಕ್ಕಿತು. ಒಂದಲ್ಲ, ಮೂರು ಒಟ್ಟಿಗೆ ಬಂದಿವೆ.

ಮೊದಲನೆಯದು ಶಟರ್. ನಾವು ಸೆಟ್ಟಿನಲ್ಲಿ ಇದನ್ನು ಡಿಗ್ರಿಯಲ್ಲಿ ಮಾತಾಡುತ್ತೇವೆ. ಫಿಲ್ಮ್ ಕ್ಯಾಮೆರಾದಲ್ಲಿ ಅರ್ಧ ಚಂದ್ರನ ಹಾಗೆ ಇರೋ ಒಂದು ತಟ್ಟೆ ತಿರುಗುತ್ತಿತ್ತು. ಅದರಲ್ಲಿ ಬೆಳಕು ಬಿಡೋ ತೆರೆದ ಭಾಗ ಎಷ್ಟು ಡಿಗ್ರಿ ಅನ್ನೋದರಿಂದ ಬಂದ ಲೆಕ್ಕ. 24 ಫ್ರೇಮಿಗೆ 180 ಡಿಗ್ರಿ ಅಂದರೆ 1/48 ಸೆಕೆಂಡ್. ನಮ್ಮ ಡಿಜಿಟಲ್ ಕ್ಯಾಮೆರಾದಲ್ಲಿ 1/50 ಇಡುತ್ತೇವೆ. ಆ ಹೊತ್ತಿನಲ್ಲಿ ಕೈ ಸ್ವಲ್ಪ ಅಲ್ಲಾಡಿದರೆ ಪ್ರತಿ ಫ್ರೇಮಿನಲ್ಲೂ ಸ್ವಲ್ಪ ಬ್ಲರ್ ಬರುತ್ತದೆ. ಆ ಬ್ಲರ್ ಒಂದು ಫ್ರೇಮನ್ನು ಇನ್ನೊಂದಕ್ಕೆ ಅಂಟಿಸುವ ಗೋಂದು ಇದ್ದ ಹಾಗೆ. 1/800ರಲ್ಲಿ ಆ ಗೋಂದೇ ಇಲ್ಲ. ಪ್ರತಿ ಫ್ರೇಮೂ ಚೂಪು, ಪ್ರತಿ ಕುಲುಕೂ ಚೂಪು. ಕಣ್ಣಿಗೆ ಮುಳ್ಳು ಚುಚ್ಚಿದ ಹಾಗೆ.

ಲೆಕ್ಕ ಹಾಕಿ ನೋಡಿ. 24 ಫ್ರೇಮಿಗೆ 1/800 ಅಂದರೆ ಸುಮಾರು 11 ಡಿಗ್ರಿ. 'ಸೇವಿಂಗ್ ಪ್ರೈವೇಟ್ ರಯಾನ್' (1998) ಚಿತ್ರದ ಕಡಲ ತೀರದ ಯುದ್ಧ ನೆನಪಿದೆಯಲ್ಲ? ಅಲ್ಲಿ ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಬೇಕಂತಲೇ 45 ಮತ್ತು 90 ಡಿಗ್ರಿ ಬಳಸಿದರು. ಮಣ್ಣು, ನೀರು, ಚೂರು ಎಲ್ಲ ಕತ್ತರಿಸಿ ಎಸೆದ ಹಾಗೆ ಕಾಣಲಿ ಅಂತ. ಅಷ್ಟು ದೊಡ್ಡ ಯುದ್ಧಕ್ಕೇ 45 ಡಿಗ್ರಿ ಸಾಕಾಯಿತು. ನೀವು ಅಜ್ಜಿ ಹಸು ಹುಡುಕೋದಕ್ಕೆ 11 ಇಟ್ಟಿದ್ದೀರಿ!

1/800ರಿಂದ 1/50ಕ್ಕೆ ಬರಬೇಕಂದರೆ ಬೆಳಕನ್ನು 16 ಪಾಲಿನಲ್ಲಿ ಒಂದು ಪಾಲಿಗೆ ಇಳಿಸಬೇಕು. ನಾಲ್ಕು ಸ್ಟಾಪ್, ಅಂದರೆ ನಾಲ್ಕು ಸಲ ಅರ್ಧ ಮಾಡಿದ ಹಾಗೆ. ಎನ್‌ಡಿ 16 ಹಾಕಿದ್ದರೆ ಮುಗಿಯುತ್ತಿತ್ತು.

ಎರಡನೆಯದು ಲೆನ್ಸ್. ಕೈ ಅಲ್ಲಾಡುವುದು ಅಷ್ಟೇ, ಆದರೆ 85ರಲ್ಲಿ ಆ ಅಲುಗಾಟ 28 ಎಂಎಂ ವೈಡ್ ಲೆನ್ಸಿನಲ್ಲಿ ಕಾಣುವುದಕ್ಕಿಂತ ಮೂರು ಪಟ್ಟು ಕಾಣುತ್ತದೆ. ಹಿನ್ನೆಲೆ ಬ್ಲರ್ ಬೇಕು ಅಂತ ಉದ್ದ ಲೆನ್ಸ್ ಹಾಕಿ, ಅದನ್ನು ಕೈಯಲ್ಲಿ ಹಿಡಿದು, ಅದರ ಮೇಲೆ ಗದ್ದೆ ಅಂಚಿನಲ್ಲಿ ನಡೆದರೆ ಇನ್ನೇನಾಗಬೇಕು?

ಮೂರನೆಯದು ನಿಮ್ಮ ಕ್ಯಾಮೆರಾ ತೀರಾ ಹಗುರ. ಇದನ್ನು ಹೇಳಿದರೆ ಹುಡುಗರು ನಂಬುವುದಿಲ್ಲ. ಒಂದು ಕೆಜಿಯೂ ಇಲ್ಲದ ಬಾಡಿಯಲ್ಲಿ ಮಣಿಕಟ್ಟಿನ ನಡುಕವೆಲ್ಲ ದಾಖಲಾಗುತ್ತದೆ. ಸಣ್ಣ, ಬೇಗ ಬೇಗ ಬರೋ ನಡುಕ. ಹೆಗಲ ಮೇಲಿನ ಭಾರದ ಕ್ಯಾಮೆರಾದಲ್ಲಿ ಅದು ಬರೋದಿಲ್ಲ. ಅಲ್ಲಿ ನಿಧಾನಕ್ಕೆ ತೂಗುತ್ತದೆ, ಉಸಿರಾಡಿದ ಹಾಗೆ. ನೀವು ದೊಡ್ಡ ಚಿತ್ರಗಳಲ್ಲಿ ನೋಡಿ ಮೆಚ್ಚಿದ್ದು ಆ ತೂಗಾಟವನ್ನು. ನಿಮಗೆ ಬಂದದ್ದು ನಡುಕ. ಎರಡಕ್ಕೂ ಹ್ಯಾಂಡ್‌ಹೆಲ್ಡ್ ಅಂತ ಒಂದೇ ಹೆಸರು, ಅದೇ ತೊಂದರೆ. ದೊಡ್ಡ ಚಿತ್ರಗಳಲ್ಲಿ ಬಳಸೋ ಅಲೆಕ್ಸಾ ಮಿನಿ ಅನ್ನೋ ಸಿನಿಮಾ ಕ್ಯಾಮೆರಾ ಬರೀ ಬಾಡಿ 2.3 ಕೆಜಿ. ಲೆನ್ಸ್, ಬ್ಯಾಟರಿ, ಮಾನಿಟರ್, ಮ್ಯಾಟ್ ಬಾಕ್ಸ್ ಎಲ್ಲ ಏರಿದ ಮೇಲೆ ಅದನ್ನು ಎತ್ತಿ ನೋಡಿ, ಸೊಂಟ ಮಾತಾಡುತ್ತದೆ.

ಫ್ರಾನ್ಸಿನ ಆಟಾನ್ ಕಂಪನಿ 16 ಎಂಎಂ ಕ್ಯಾಮೆರಾ ಮಾಡುವಾಗ, ಅದು ಹೆಗಲ ಮೇಲೆ ಬೆಕ್ಕು ಕೂತ ಹಾಗೆ ಕೂರಬೇಕು ಅಂತ ಹೇಳುತ್ತಿದ್ದರು. ಮಿರರ್‌ಲೆಸ್ ಬೆಕ್ಕಲ್ಲ, ಕೈಯಲ್ಲಿ ಹಿಡಿದ ಗುಬ್ಬಚ್ಚಿ.

ಅಂದ ಹಾಗೆ, ಅಡುಗೆಮನೆಯಲ್ಲಿ ಟ್ಯೂಬ್‌ಲೈಟ್ ಇತ್ತಾ? 1/60ರಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿ ಓಡಿರಬೇಕು ನೋಡಿ. ನಮ್ಮ ಕರೆಂಟ್ 50 ಹರ್ಟ್ಜ್. 1/50 ಇಡಬೇಕಿತ್ತು.

ತುಂಗಾತೀರ:
ಪಟ್ಟಿ ಓಡಿದೆ! ಅದನ್ನು ನಾನು 'ವಾತಾವರಣ' ಅಂದುಕೊಂಡಿದ್ದೆ.

ಮದುವೆಮನೆ ವಿಡಿಯೋ:
ಫೋಕಸ್‌ಹುಡುಗ ಹೇಳಿದ್ದು ಸರಿ. ಆದರೆ ಅಲೆಕ್ಸಾ ಎಲ್ಲಿಂದ ತರೋಣ ಗುರು? ದಾವಣಗೆರೆಯಲ್ಲಿ ಹನ್ನೆರಡು ವರ್ಷದಿಂದ ಮದುವೆ ತೆಗೆಯುತ್ತಿದ್ದೇನೆ. ಧಾರೆ ಎರೆಯುವ ಹೊತ್ತಿಗೆ ಮಂಟಪದ ಸುತ್ತ ನೂರು ಜನ ಮುತ್ತಿರುತ್ತಾರೆ. ಟ್ರೈಪಾಡ್ ಇಡೋಕೆ ಜಾಗ ಇರಲ್ಲ, ಗಿಂಬಲ್ ಬಿಚ್ಚಿ ಬ್ಯಾಲೆನ್ಸ್ ಮಾಡೋಕೆ ಪುರೋಹಿತರು ಕಾಯಲ್ಲ. ಕೈಯೇ ಗತಿ. ನಾನು ಮಾಡೋದನ್ನು ಹೇಳುತ್ತೇನೆ, ಬೇಕಾದ್ದು ತಗೊಳ್ಳಿ.

ಕ್ಯಾಮೆರಾಗೆ ಕೇಜ್, ಅಂದರೆ ಸುತ್ತ ಲೋಹದ ಚೌಕಟ್ಟು, ಹಾಕಿ ಅದರ ಕೆಳಗೆ ಹಳೇ ದೊಡ್ಡ ಬ್ಯಾಟರಿ ಒಂದು ಕಟ್ಟಿದ್ದೇನೆ. ಅದರಿಂದ ಏನೂ ಓಡಲ್ಲ, ಸುಮ್ನೆ ತೂಕಕ್ಕೆ. ಮೊಣಕೈ ಎರಡೂ ಪಕ್ಕೆಗೆ ಒತ್ತಿರಬೇಕು. ಕುತ್ತಿಗೆಯ ಸ್ಟ್ರ್ಯಾಪ್ ಬಿಗಿಯಾಗುವ ತನಕ ಕ್ಯಾಮೆರಾ ಮುಂದಕ್ಕೆ ತಳ್ಳಬೇಕು. ಎರಡು ಕೈ, ಒಂದು ಕುತ್ತಿಗೆ, ಮೂರು ಕಡೆ ಹಿಡಿತ ಸಿಕ್ಕಿತು. ವ್ಯೂಫೈಂಡರಿಗೆ ಕಣ್ಣು ಒತ್ತಿದರೆ ನಾಲ್ಕು. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಮೊದಲು ಇಟ್ಟು, ಆಮೇಲೆ ಬೆರಳು. ತುಂಬಿದ ಕೊಡ ಹೊತ್ತವರು ನಡೆಯೋದನ್ನು ನೋಡಿದ್ದೀರಲ್ಲ, ಹಾಗೆ. ನನಗೆ ಕಲಿಸಿದ್ದು ನಮ್ಮಮ್ಮನ ನಡಿಗೆಯೇ.

ಉಸಿರು ಕಟ್ಟಬೇಡಿ. ಎಲ್ಲರೂ ಮಾಡೋ ತಪ್ಪು ಅದು. ಹತ್ತು ಸೆಕೆಂಡಿಗೆ ಸರಿ, ಅರ್ಧ ನಿಮಿಷಕ್ಕೆ ಕೈ ನಡುಗೋಕೆ ಶುರು. ನಿಧಾನ ಉಸಿರಾಡಿ.

ಇನ್ನು ಹಿಂದಕ್ಕೆ ನಡೆಯೋದು. ದಿಬ್ಬಣದ ಮುಂದೆ ನಾನು ಹಿಂದಿಂದಕ್ಕೆ ನಡೆಯುವಾಗ ನನ್ನ ಹುಡುಗ ಸೊಂಟದ ಬೆಲ್ಟ್ ಹಿಡಿದಿರುತ್ತಾನೆ. ಎಡಕ್ಕೆ ಎಳೆದರೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ. ಮೆಟ್ಟಿಲು ಬಂದರೆ ಎರಡು ಸಲ ಜಗ್ಗುತ್ತಾನೆ. ಒಂದು ಸಲ ಅವನು ಇಲ್ಲದೆ ಹೋಗಿ ಸಾಂಬಾರ್ ಬಕೆಟಿಗೆ ಕಾಲಿಟ್ಟಿದ್ದೇನೆ. ಬಿಸಿ ಇರಲಿಲ್ಲ, ಪುಣ್ಯ.

ಹಳೇಪ್ರೊಜೆಕ್ಟರ್:
ಎಲ್ಲರೂ ಹೇಗೆ ಹಿಡಿಯಬೇಕು ಅಂತ ಹೇಳಿದಿರಿ. ಯಾಕೆ ಹಿಡಿಯಬೇಕು ಅಂತ ಯಾರೂ ಕೇಳಲಿಲ್ಲ. ಫಿಲ್ಮ್ ಸೊಸೈಟಿ ಕಾಲದವನು ನಾನು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1960ರಲ್ಲಿ 'ಪ್ರೈಮರಿ' ಅಂತ ಒಂದು ಸಾಕ್ಷ್ಯಚಿತ್ರ ಬಂತು. ವಿಸ್ಕಾನ್ಸಿನ್ ರಾಜ್ಯದಲ್ಲಿ ಕೆನಡಿ ಮತ್ತು ಹಂಫ್ರಿ ನಡುವೆ ಪಕ್ಷದೊಳಗಿನ ಸ್ಪರ್ಧೆ. ಅದರಲ್ಲೊಂದು ಶಾಟ್ ಇದೆ. ಕೆನಡಿ ಜನರ ನಡುವೆ ನುಗ್ಗಿ ಸಭೆಗೆ ಹೋಗುತ್ತಾರೆ. ಆಲ್ಬರ್ಟ್ ಮೇಸಲ್ಸ್ ಕ್ಯಾಮೆರಾವನ್ನು ತಲೆ ಮೇಲೆ ಎತ್ತಿ ಹಿಡಿದು ಬೆನ್ನ ಹಿಂದೆಯೇ ಹೋಗುತ್ತಾರೆ. ತುಂಬಾ ವೈಡ್ ಲೆನ್ಸ್. ಬಾಗಿಲು, ಮೆಟ್ಟಿಲು, ವೇದಿಕೆ, ಜನ. ಅಲ್ಲಾಡುತ್ತದೆ, ನಿಜ. ಆದರೆ ಮುಂದೆ ಏನಿದೆ ಅಂತ ಕ್ಯಾಮೆರಾಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಅಲುಗಾಟಕ್ಕೆ ಒಂದು ಕಾರಣ ಇದೆ. ಮದುವೆಮನೆ ಅವರೇ, ನಿಮ್ಮ ಧಾರೆ ಶಾಟೂ ಇದೇ ಜಾತಿ.

ಕಥಾಚಿತ್ರದ ಕ್ಯಾಮೆರಾಗೆ ಎಲ್ಲ ಗೊತ್ತಿರುತ್ತದೆ. ಅಜ್ಜಿ ಎಲ್ಲಿ ತಿರುಗುತ್ತಾಳೆ, ಯಾವಾಗ ಅಳುತ್ತಾಳೆ, ಎಲ್ಲ ಬರೆದಿಟ್ಟಿದೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಟಿಸುವುದು ಅದರ ಕೆಲಸ. ನಟನೆ ಅತಿಯಾದರೆ ಮನುಷ್ಯರದ್ದಾಗಲಿ ಕ್ಯಾಮೆರಾದ್ದಾಗಲಿ ಸಹಿಸೋದು ಕಷ್ಟ.

ಫ್ರಾನ್ಸಿನ ನಿರ್ದೇಶಕ ಗೊದಾರ್ ಅವರ 'ಬ್ರೆತ್‌ಲೆಸ್' (1960) ಹೆಸರು ಹೇಳಿ ಎಲ್ಲರೂ ಕೈ ಕ್ಯಾಮೆರಾ ಅನ್ನುತ್ತಾರೆ. ಆದರೆ ಕ್ಯಾಮೆರಾಮನ್ ರಾವುಲ್ ಕುತಾರ್ ಹಲವು ಕಡೆ ಗಾಲಿಕುರ್ಚಿಯಲ್ಲಿ ಕೂತಿದ್ದರು, ಗೊದಾರ್ ತಳ್ಳುತ್ತಿದ್ದರು. ಟ್ರ್ಯಾಕ್ ಹಾಕೋಕೆ ಹಣವೂ ಇಲ್ಲ, ಹೊತ್ತೂ ಇಲ್ಲ. ಅಲ್ಲಾಡಿಸಬೇಕು ಅಂತ ಅವರು ಹೊರಟವರಲ್ಲ. ಬೀದಿಯಲ್ಲಿ ಬೇಗ ಬೇಗ ಕೆಲಸ ಮುಗಿಸಬೇಕಿತ್ತು.

1995ರಲ್ಲಿ ಡೆನ್ಮಾರ್ಕಿನ ಲಾರ್ಸ್ ಫಾನ್ ಟ್ರಿಯರ್, ಥಾಮಸ್ ವಿಂಟರ್‌ಬರ್ಗ್ ಸೇರಿ 'ಡಾಗ್ಮೆ 95' ಅಂತ ಹತ್ತು ನಿಯಮ ಬರೆದರು. ಮೂರನೆಯದು, ಕ್ಯಾಮೆರಾ ಕೈಯಲ್ಲೇ ಇರಬೇಕು. ಜನರಿಗೆ ಅಷ್ಟೇ ನೆನಪು. ಅದೇ ನಿಯಮದ ಮುಂದಿನ ಮಾತು ನನಗೆ ಹೆಚ್ಚು ಇಷ್ಟ. ಕ್ಯಾಮೆರಾ ಇರೋ ಕಡೆ ಸಿನಿಮಾ ನಡೆಯಬಾರದು, ಸಿನಿಮಾ ನಡೆಯೋ ಕಡೆ ಶೂಟಿಂಗ್ ಆಗಬೇಕು ಅನ್ನೋ ಅರ್ಥದ್ದು. ಅಂದರೆ ನಟರು ಕ್ಯಾಮೆರಾಗೆ ಹೊಂದಿಕೊಳ್ಳಬೇಕಿಲ್ಲ. ಕೈಯಲ್ಲಿ ಹಿಡಿಯೋದು ಅದಕ್ಕೋಸ್ಕರ.

'ತಿಥಿ'ಯಂಥ ಚಿತ್ರವನ್ನು ನೆನೆಸಿಕೊಳ್ಳಿ, ಮಂಡ್ಯ ಕಡೆಯ ಊರಿನ ಜನರೇ ನಟರು. ಅಂಥವರಿಗೆ ನೆಲಕ್ಕೆ ಟೇಪ್ ಅಂಟಿಸಿ 'ಇಲ್ಲೇ ನಿಲ್ಲಬೇಕು' ಅಂದರೆ ಮುಗೀತು, ಕಂಬದ ಹಾಗೆ ನಿಲ್ಲುತ್ತಾರೆ. ನಿಮ್ಮ ಅಜ್ಜಿಯೂ ನಟಿ ಅಲ್ಲ ಅಂದುಕೊಂಡಿದ್ದೇನೆ. ಹಾಗಿದ್ದರೆ ಕೈ ಕ್ಯಾಮೆರಾ ಸರಿಯಾದ ಆಯ್ಕೆಯೇ. ಆದರೆ ಪ್ರಶ್ನೆ ಇದು: ನಿಮ್ಮ ಚಿತ್ರದಲ್ಲಿ ಅಜ್ಜಿಯ ಹಿಂದೆ ನಡೆಯುತ್ತಿರೋದು ಯಾರು?

ತುಂಗಾತೀರ:
ಹಾಗಂದ್ರೆ? ಯಾರೂ ಇಲ್ಲ, ಕ್ಯಾಮೆರಾ ಅಷ್ಟೇ.

ಹಳೇಪ್ರೊಜೆಕ್ಟರ್:
ಅಲ್ಲೇ ಇದೆ ನೋಡಿ ತೊಂದರೆ.

ಕಡಲಕರೆ:
ಹಳೇಪ್ರೊಜೆಕ್ಟರ್ ಮಾವ ಒಗಟು ಹೇಳಿ ಹೋದರು. ನಾನು ಬಿಡಿಸುತ್ತೇನೆ ಮಾರಾಯ್ರೆ.

ಬೆಲ್ಜಿಯಮ್ಮಿನ ಡಾರ್ಡೆನ್ ಸಹೋದರರ 'ರೊಸೆಟಾ' ನೋಡಿ. 1999ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಬಂದದ್ದು. ಕೆಲಸ ಹುಡುಕೋ ಹುಡುಗಿ, ಚಿತ್ರದ ತುಂಬ ಕ್ಯಾಮೆರಾ ಅವಳ ಕುತ್ತಿಗೆಯ ಹಿಂದೆ. ಅವಳು ಓಡಿದರೆ ಓಡುತ್ತದೆ, ನಿಂತರೆ ತಡವಾಗಿ ನಿಲ್ಲುತ್ತದೆ. ಬಿಡದೆ ಬೆನ್ನು ಹತ್ತಿದ ಒಬ್ಬರು ಅಲ್ಲಿದ್ದಾರೆ ಅನ್ನಿಸುತ್ತದೆ. 'ಸನ್ ಆಫ್ ಸೌಲ್' (2015) ಇನ್ನೂ ಬಿಗಿ. ಹೆಚ್ಚು ಕಡಿಮೆ ಎಲ್ಲ 40 ಎಂಎಂ ಲೆನ್ಸಿನಲ್ಲಿ, ಚೌಕಕ್ಕೆ ಹತ್ತಿರದ ಫ್ರೇಮಿನಲ್ಲಿ, ಸೌಲ್ ಅನ್ನೋ ಮನುಷ್ಯನ ಮುಖ ಮತ್ತು ಬೆನ್ನು. ಕಾನ್ಸಂಟ್ರೇಶನ್ ಕ್ಯಾಂಪಿನ ಘೋರವೆಲ್ಲ ಅಂಚಿನಲ್ಲಿ, ಮಸುಕಾಗಿ. ಕ್ಯಾಮೆರಾ ಅಲ್ಲಾಡುತ್ತದೆ, ಆದರೆ ಅವನ ತಲೆ ಫ್ರೇಮಿನಲ್ಲಿ ಒಂದೇ ಕಡೆ ಇರುತ್ತದೆ. ಕಣ್ಣಿಗೆ ಹಿಡಿದುಕೊಳ್ಳೋಕೆ ಒಂದು ಕಂಬ ಸಿಗುತ್ತದೆ. ತಲೆ ಸುತ್ತದಿರೋ ಗುಟ್ಟು ಅರ್ಧ ಅದರಲ್ಲಿದೆ.

ನಾನು ಕಂಬಳ, ಕೋಲ ತೆಗೆಯುತ್ತೇನೆ, ಸಾಕ್ಷ್ಯಚಿತ್ರಕ್ಕೆ. ಮೊದಲ ವರ್ಷ ಕೋಣಗಳ ಜೊತೆ ಕ್ಯಾಮೆರಾವನ್ನೂ ಓಡಿಸಿದೆ. ಮನೆಗೆ ಬಂದು ನೋಡಿದರೆ ಕೆಸರು, ಆಕಾಶ, ಯಾರದೋ ಲುಂಗಿ. ಈಗ ಗೊತ್ತಾಗಿದೆ. ಎದುರಿಗೆ ಗಲಾಟೆ ಇದ್ದಾಗ ಕೈ ಸುಮ್ಮನಿರಬೇಕು. ಎದುರಿಗೆ ಏನೂ ಇಲ್ಲದಾಗ ಕೈ ಸ್ವಲ್ಪ ಉಸಿರಾಡಿದರೆ ಚೆಂದ. ರಾತ್ರಿ ಕೋಲದಲ್ಲಿ ದೀಪದ ಮುಂದೆ ಎಲ್ಲರೂ ಕಾಯುತ್ತಿರುವಾಗ ಟ್ರೈಪಾಡ್ ಹಾಕಿದರೆ ಫೋಟೋ ಆಗುತ್ತದೆ. ಕೈಯಲ್ಲಿ ಹಿಡಿದರೆ ನಾನೂ ಕಾಯುತ್ತಿದ್ದೇನೆ ಅಂತ ಗೊತ್ತಾಗುತ್ತದೆ.

ನಿಮ್ಮ ಅಜ್ಜಿಯ ವಿಷಯಕ್ಕೆ ಬಂದರೆ, ಅವಳ ಮೊಮ್ಮಗು ಹಿಂದೆ ಬರುತ್ತಿದೆ ಅಂದುಕೊಂಡು ತೆಗೆಯಿರಿ. ಕ್ಯಾಮೆರಾ ಮಗುವಿನ ಎತ್ತರಕ್ಕೆ ಇಳಿಯುತ್ತದೆ. ಮಗು ಹಿಂದೆ ಬೀಳುತ್ತದೆ, ಆಮೇಲೆ ಓಡಿ ಬಂದು ಸೇರಿಕೊಳ್ಳುತ್ತದೆ. ಚಿತ್ರದಲ್ಲಿ ಮಗು ಇಲ್ಲದಿದ್ದರೂ ಪರವಾಗಿಲ್ಲ.

ಕಟ್‌ರೂಮ್:
ಎಡಿಟಿಂಗ್ ಕಡೆಯಿಂದ ಎರಡು ಮಾತು, ಯಾಕಂದರೆ ಕೊನೆಗೆ ಬೈಗುಳ ಬರೋದು ನಮಗೆ. 'ಸಾಫ್ಟ್‌ವೇರಲ್ಲಿ ಸ್ಟೆಬಿಲೈಜ್ ಮಾಡಿಬಿಡಿ' ಅಂತ ಎಲ್ಲರೂ ಹೇಳಿ ಹೋಗುತ್ತಾರೆ. ಅದು ಫ್ರೇಮನ್ನು ಜಾಗಕ್ಕೆ ಕೂರಿಸುತ್ತದೆ, ಆದರೆ ಕುಲುಕಿದಾಗ ಬಂದ ಬ್ಲರ್ ಹಾಗೇ ಉಳಿಯುತ್ತದೆ. ನಿಂತ ಚಿತ್ರ ಆಗಾಗ ಸುಮ್ನೆ ಮಸುಕಾಗಿ ಮತ್ತೆ ಚೂಪಾಗುತ್ತದೆ. ನೋಡೋರಿಗೆ ಕಾರಣ ತಿಳಿಯಲ್ಲ, ಕಿರಿಕಿರಿ ಮಾತ್ರ ಆಗುತ್ತದೆ. ಅಂಚು ಕತ್ತರಿಸಿ ಹೋಗೋದು ಬೇರೆ. ನಿಮ್ಮ 1/800ರ ಶಾಟುಗಳಲ್ಲಿ ಬ್ಲರ್ ಇಲ್ಲ. ಹಾಗಾಗಿ ಅವು ಸ್ಟೆಬಿಲೈಜ್ ಆಗಬಹುದು, ಪ್ರಯತ್ನಿಸಿ. ತಪ್ಪಿನಿಂದಲೂ ಒಮ್ಮೊಮ್ಮೆ ಲಾಭ!

ಇನ್ನೊಂದು, ಎಡಕ್ಕೆ ತೂಗೋ ಶಾಟಿನ ಪಕ್ಕ ಬಲಕ್ಕೆ ತೂಗೋ ಶಾಟ್ ಇಟ್ಟು, ಅದನ್ನೂ ಎರಡೇ ಸೆಕೆಂಡಿಗೆ ಕತ್ತರಿಸಿದರೆ ಯಾರಿಗಾದರೂ ಹೊಟ್ಟೆ ತೊಳೆಸುತ್ತದೆ. 'ದಿ ಬೋರ್ನ್ ಅಲ್ಟಿಮೇಟಮ್' (2007) ಸಂಕಲನಕ್ಕೆ ಆಸ್ಕರ್ ಬಂತು. ಅದೇ ಚಿತ್ರ ನೋಡಿ ತಲೆನೋವು ಬಂತು ಅಂದವರೂ ಇದ್ದರು. ನಾನು ಎರಡೂ ಗುಂಪಿನಲ್ಲಿದ್ದೇನೆ.

ಒಂದು ಪರೀಕ್ಷೆ ಹೇಳುತ್ತೇನೆ. ಮನೆ ಟಿವಿಗೆ ಹಾಕಿ, ಪರದೆಯಿಂದ ಮೂರು ಅಡಿ ದೂರ ಕೂತು ಐದು ನಿಮಿಷ ನೋಡಿ. ಫೋನಿನ ಪರದೆ ಕಣ್ಣಿನಲ್ಲಿ ಅಂಗೈಯಷ್ಟು ಜಾಗ ತಗೊಳ್ಳುತ್ತದೆ. ಸಭಾಂಗಣದಲ್ಲಿ ಮುಂದಿನ ಸಾಲಿನವರಿಗೆ ಅದೇ ಇಡೀ ಲೋಕ. ಲೋಕವೇ ಅಲ್ಲಾಡುತ್ತಿದೆ, ಕುರ್ಚಿ ಮಾತ್ರ ಅಲ್ಲಾಡುತ್ತಿಲ್ಲ ಅಂದರೆ ತಲೆ ಒಪ್ಪೋದಿಲ್ಲ.

ಕಿವಿಗೊಡಿ:
ಶಬ್ದದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಎಂದಿನಂತೆ. ಕೊಯ್ಲಾದ ಗದ್ದೆಯಲ್ಲಿ ಕೂಳೆ ತುಳಿದರೆ ಚರ್ ಚರ್ ಅನ್ನುತ್ತದೆ. ಅಜ್ಜಿಯ ಹೆಜ್ಜೆ ಜೊತೆ ಕ್ಯಾಮೆರಾಮನ್ ಹೆಜ್ಜೆಯೂ ಸೇರಿದರೆ ನಾಲ್ಕು ಕಾಲಿನ ಅಜ್ಜಿ ಆಗುತ್ತಾಳೆ. ಕ್ಯಾಮೆರಾ ಮೇಲಿನ ಮೈಕ್ ನಂಬಬೇಡಿ, ನಿಮ್ಮ ಉಸಿರೂ ಅದರಲ್ಲಿ ಬಂದಿರುತ್ತದೆ. ಎಲ್ಲ ಶಾಟ್ ಮುಗಿದ ಮೇಲೆ ಅಲ್ಲೇ ಎರಡು ನಿಮಿಷ ಗದ್ದೆಯ ಸದ್ದು ರೆಕಾರ್ಡ್ ಮಾಡಿ, ಕಟ್‌ಗಳ ಕೆಳಗೆ ಒಂದೇ ಸಮ ಹಾಸಿ. ಚಿತ್ರ ಕುಲುಕಿದರೂ ಸದ್ದು ನಿಂತಿದ್ದರೆ ನೋಡೋರಿಗೆ ಕಾಲಿಡೋಕೆ ನೆಲ ಸಿಗುತ್ತದೆ.

ಫೋಕಸ್‌ಹುಡುಗ:
ಸ್ಟೆಬಿಲೈಜರ್ ವಿಷಯ ಮರೆತಿದ್ದೆ. ನಿಂತು ತೆಗೆಯುವಾಗ ಬಾಡಿಯೊಳಗಿನದು ಒಳ್ಳೆಯದೇ. ವೈಡ್ ಲೆನ್ಸ್ ಹಾಕಿ ನಡೆದರೆ ಮೂಲೆಗಳು ಜೆಲ್ಲಿ ತರ ಎಳೆದಾಡುತ್ತವೆ. ಆನ್, ಆಫ್ ಎರಡರಲ್ಲೂ ಹತ್ತು ಹೆಜ್ಜೆ ನಡೆದು ನೋಡಿ.

ಕಡಲಕರೆ ಅಕ್ಕ ಮಗುವಿನ ಎತ್ತರ ಅಂದರಲ್ಲ, ಅದಕ್ಕೊಂದು ಎಚ್ಚರಿಕೆ. ಕೆಳಗೆ ಹಿಡಿದರೆ ಮೊಣಕೈಗೆ ಪಕ್ಕೆಯ ಆಸರೆ ಸಿಗಲ್ಲ. ಮೇಲಿನ ಹ್ಯಾಂಡಲ್ ಬೇಕು, ಮತ್ತು ಫೋಕಸ್ ಇನ್ನೊಬ್ಬರು ಮಾಡಬೇಕು. ಇಲ್ಲಾಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿಬಿಡಿ, 28ರಲ್ಲಿ ಹತ್ತಿರ ಹತ್ತಿರ ಎಲ್ಲ ಫೋಕಸಲ್ಲೇ ಇರುತ್ತದೆ. ಹಿನ್ನೆಲೆ ಬ್ಲರ್ ಆಸೆ ಈ ಚಿತ್ರಕ್ಕೆ ಬಿಡಿ. ಗದ್ದೆ ಕಾಣಲಿ, ಹಸು ಇಲ್ಲದ ಗದ್ದೆಯೇ ಅಲ್ವಾ ನಿಮ್ಮ ಕಥೆ?

ತುಂಗಾತೀರ:
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. 28 ಎಂಎಂ ಮತ್ತು ಎನ್‌ಡಿ ಸಾಲ ತಂದೆ. ಮೊದಲು ತಮ್ಮನನ್ನು ನಡೆಸಿ ಪರೀಕ್ಷೆ ಮಾಡಿದೆ. ಬೆಲ್ಟ್ ಬದಲು ಸೊಂಟಕ್ಕೆ ಟವೆಲ್ ಕಟ್ಟಿಕೊಂಡೆ, ಗೆಳೆಯ ಅದನ್ನು ಹಿಡಿದ. ಟಿವಿ ಮುಂದೆ ಮೂರಡಿ ದೂರದಲ್ಲಿ ಚಿಕ್ಕಮ್ಮನನ್ನೇ ಕೂರಿಸಿದೆ. 'ಈಗ ಶಿವಮೊಗ್ಗ ರಸ್ತೆ ತರ ಇದೆ' ಅಂದರು. ಘಾಟಿ ಇಳಿದ ಹಾಗಾಯ್ತು.

ಹೆಗಲ ಹಿಂದಿನಿಂದ ಹಿಡಿದದ್ದಕ್ಕಿಂತ ಮಗುವಿನ ಎತ್ತರದ್ದು ತುಂಬ ಚೆನ್ನಾಗಿ ಬಂತು. ನಾನು ಬೇಕಂತಲೇ ಒಂದು ಕಡೆ ಹಿಂದೆ ಉಳಿದೆ. ತಮ್ಮ ಅಂಚು ದಾಟಿ ಮರೆಯಾದ. ಆ ಮೂರು ಸೆಕೆಂಡ್ ಖಾಲಿ ಗದ್ದೆ ಇದೆಯಲ್ಲ, ಮೊದಲ ಚಿತ್ರದ 14 ನಿಮಿಷದಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಅಡುಗೆಮನೆ ಜಗಳ ಮಾತ್ರ ಟ್ರೈಪಾಡಿನಲ್ಲಿ ತೆಗೆಯೋಣ ಅಂತ ಇದ್ದೇನೆ. ಮಗ ಎದ್ದು ಹೋದ ಮೇಲೆ, ಅಜ್ಜಿ ಒಬ್ಬಳೇ ಇರುವಾಗ ಕೈಗೆ ಎತ್ತಿಕೊಳ್ಳುತ್ತೇನೆ. ಕಡಲಕರೆ ಮೇಡಂ ಹೇಳಿದ ಕೋಲದ ಮಾತು ತಲೆಯಲ್ಲಿ ಕೂತಿದೆ.

ಈಗ ಉಳಿದಿರೋದು ಅಜ್ಜಿಯನ್ನು ಒಪ್ಪಿಸುವ ಕೆಲಸ. ಪಕ್ಕದ ಮನೆಯವರು ಅವರು. ಮತ್ತೆ ತೆಗೀಬೇಕು ಅಂದಿದ್ದಕ್ಕೆ, 'ಹಸು ಹೋದ ಸಲವೇ ಸಿಕ್ತಲ್ಲ, ಮತ್ತೆ ಯಾಕೆ ಹುಡುಕೋದು?' ಅನ್ನುತ್ತಾರೆ. ಗದ್ದೆ ಉಳುವ ಮೊದಲು ಮುಗಿಸಬೇಕು. ಹೆಗಲಿಗೆ ಹಾಕೋ ರಿಗ್ ಯಾರ ಹತ್ತಿರ ಸಿಗಬಹುದು?

ಮದುವೆಮನೆ ವಿಡಿಯೋ:
ನನ್ನ ಹತ್ತಿರ ಒಂದಿದೆ ತಮ್ಮ. ಈಗ ದಿನಾ ಮುಹೂರ್ತ ಇದೆ, ಕೊಡೋಕಾಗಲ್ಲ. ಧನುರ್ಮಾಸ ಶುರುವಾದ ಮೇಲೆ ಬಾ, ಮದುವೆ ಇರಲ್ಲ, ರಿಗ್ ಖಾಲಿ ಬಿದ್ದಿರುತ್ತೆ. ಹಳೇ ಬ್ಯಾಟರಿ ಸಮೇತ ತಗೊಂಡು ಹೋಗು. ಬೆಲ್ಟ್ ಹಿಡಿಯೋ ಹುಡುಗನೂ ಆಗ ಖಾಲಿ, ಊಟ ಹಾಕಿದರೆ ಬರ್ತಾನೆ.